ಬೀರನಗುಂಡಿಗೆ ಹೋಗುವ ದಾರಿ

ಸುಳ್ಳು ಹೇಳಬೇಕೆಂದು ಗಂಗಾಂಬಿಕಾ ಬಾಯಿ ತೆರೆದವಳಲ್ಲ. ಒಲೆಯ ಮೇಲೆ ಚಹಾ ಉಕ್ಕಲು ಬಂದಿತ್ತು. ಅತ್ತೆ ಪಾರ್ವತವ್ವ ಅಡುಗೆಮನೆಯ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಲೇ ಕೇಳಿದಳು, "ಐತವಾರ ಹೊಂಟೀರಲ್ಲವ್ವಾ ನೀರ ಬೀಳೂದ ನೋಡಾಕ, ಅಲ್ಲಿ ನನ್ನಂಥಾಕಿ ನಡಿಯುವಂಥಾ ದಾರಿ ಐತೇನು?"

"ಭಾಳ ಕಡಿದ ಐತಂತ್ರಿ ಅತ್ತಿ," ಅಂದುಬಿಟ್ಟಳು ಗಂಗಾಂಬಿಕಾ. "ಇಳಿಯೂ ಮುಂದ ಕಲ್ಲ ಹಿಡಕೊಂಡ ಇಳಿಬೇಕಂತ. ಹತ್ತೂ ಮುಂದ ಬಳ್ಳಿ ಹಿಡಕೊಂಡ ಹತ್ತಬೇಕಂತ."

ಪಾರ್ವತವ್ವ ಇನ್ನೊಂದು ಕಾಯಿ ಸುಲಿದಳು. "ಹಂಗಾರ ನೀವ ಹೋಗಿ ಬರ್ರಿ. ನನ್ನ ಮೊಣಕಾಲಿನ ಭಾರ ನಿಮಗ್ಯಾಕ," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಒಂದಿಷ್ಟು ವಾದ ಮಾಡಿದ್ದರೂ ಗಂಗಾಂಬಿಕಾಗೆ ನೆಮ್ಮದಿಯಾಗುತ್ತಿತ್ತು. ಜಗಳಗಂಟಿ ಅತ್ತೆಗೆ ಸುಳ್ಳು ಹೇಳುವುದರಲ್ಲಿ ಒಂದು ನ್ಯಾಯವಿದೆ, ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಕೇಳಿದ ಕೂಡಲೆ ನಂಬಿಬಿಡುವ ಅತ್ತೆಗೆ ಹೇಳಿದ ಸುಳ್ಳು ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವಳು ಚಹಾ ಸೋಸಿ, ಅತ್ತೆಯ ಲೋಟಕ್ಕೆ ಯಾವತ್ತೂ ಹಾಕುವುದಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿಕೊಟ್ಟಳು.

ನಿಜವಾದ ದಾರಿ ಹೇಗಿದೆಯೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತು ಮಾಡಿಸಿದವಳು ಚೇತನಾ. ಇಬ್ಬರೂ ಶಿರಸಿಯ ಒಂದು ಸೊಸೈಟಿಯ ಕೌಂಟರಿನಲ್ಲಿ ಅಕ್ಕಪಕ್ಕ ಕೂರುವವರು. ಇವಳು ದಾಸನಕೊಪ್ಪದಿಂದ ಬಸ್ಸಿಗೆ ಬಂದರೆ ಅವಳು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಿಂದ. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಚೇತನಾಳ ಬಾಯಲ್ಲಿ ಯಾವುದಾದರೊಂದು ಹೊಳೆಯೋ ಜಲಪಾತವೋ ಇರುತ್ತಿತ್ತು. ಬೀರನಗುಂಡಿ ಜಲಪಾತದ ವಿಡಿಯೋ ತೋರಿಸಿ, ಫೋನಿಗೆ ಕಳಿಸಿದ್ದೂ ಅವಳೇ. "ಎಂತ ಕಷ್ಟನೂ ಇಲ್ಲ ಮಾರಾಯ್ತಿ. ಯಲ್ಲಾಪುರ ದಾಟಿ ಚಂದಗುಳಿ ಬದಿಗೆ ಹೋಗದು. ಗಾಡಿ ನಿಲ್ಲಿಸಿದಲ್ಲಿಂದ ಮೆಟ್ಟಿಲು ಮಾಡಿದಾರೆ, ಹಿಡ್ಕಳಕ್ಕೆ ಪೈಪು, ಕೂರಕ್ಕೆ ಬೆಂಚು. ನಮ್ಮ ಕೆರಿಯಪ್ಪಜ್ಜ ಕೋಲೂರ್ಕಂಡು ಬಂದು ಮಧ್ಯಾಹ್ನದವರೆಗೆ ನೀರಲ್ಲಿ ಕಾಲು ಬಿಟ್ಕಂಡು ಕೂತಿದ್ರು. ಮೇಲಿನ ಗುಂಡಿ ಮಕ್ಕಳಿಗೆ ಸರಿ, ಮೊಣಕಾಲುದ್ದ ನೀರು. ಕೆಳಗಿಂದು ಎದೆಮಟ್ಟ, ಈಜು ಬರೋರಿಗೆ. ನೀರು ಬೀಳ್ತದಲ್ಲ, ಅದರ ಬುಡಕ್ಕೆ ಮಾತ್ರ ಹೋಗಬೇಡಿ. ಮಳೆಗಾಲ ಮುಗಿದಿದೆ, ಈಗಲೇ ಒಳ್ಳೆ ಟೈಮು."

ಈಜು ಬರೋರಿಗೆ ಎಂದ ಮಾತು ಗಂಗಾಂಬಿಕಾಳ ಒಳಗೆ ಹೊಕ್ಕು ಕೂತುಬಿಟ್ಟಿತು. ಅವಳ ತವರು ಬನವಾಸಿಯ ಆಚೆ, ವರದಾ ನದಿಯ ದಂಡೆಯ ಮೇಲೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ಅವಳನ್ನು ನೀರಿಗೆ ಬಿಡುತ್ತಿದ್ದ. ಬುರುಡೆ ಬಿಚ್ಚಿದ ಮೇಲೆ ಊರಿನ ಹುಡುಗರನ್ನೆಲ್ಲ ಹಿಂದೆ ಹಾಕಿ ಆಚೆ ದಡ ಮುಟ್ಟಿ ಬರುತ್ತಿದ್ದವಳು ಅವಳು. ಮದುವೆಯಾದ ಮೇಲೆ ನೀರೆಂದರೆ ನಲ್ಲಿಯ ನೀರು, ಬಚ್ಚಲ ನೀರು ಅಷ್ಟೇ. ಅತ್ತೆಯ ಮುಂದೆ ಚೂಡಿದಾರ ತೊಟ್ಟು ಹೊಳೆಗೆ ಹಾರುವ ಸೊಸೆಯನ್ನು ದಾಸನಕೊಪ್ಪದವರು ಯಾರೂ ಕಂಡವರಲ್ಲ, ಮೊದಲಿಗಳಾಗುವ ಧೈರ್ಯ ಇವಳಿಗೂ ಇರಲಿಲ್ಲ.

ಇನ್ನೊಂದು ಕಾರಣ ಪೂಜೆ. ಪಾರ್ವತವ್ವ ಮಿಂದು, ಎಡಗೈ ಮೇಲೆ ಇಷ್ಟಲಿಂಗವಿಟ್ಟುಕೊಂಡು ಕೂತರೆ ಏಳುವುದು ಯಾವಾಗಲೋ. ಅದು ಮುಗಿಯದೆ ಹನಿ ನೀರು ಬಾಯಿಗೆ ಬಿಡುವವಳಲ್ಲ. ಕಳೆದ ವರ್ಷ ಸಹಸ್ರಲಿಂಗಕ್ಕೆ ಹೊರಟಾಗ ಮಕ್ಕಳು ಓಮ್ನಿಯಲ್ಲಿ ಕೂತು ಬೆವರಿ, ತಿಂಡಿ ತಿಂದು, ಆ ತಿಂಡಿ ಕರಗಿ, ಮತ್ತೆ ಹಸಿವಾದ ಮೇಲೆ ಅಜ್ಜಿಯ ಪೂಜೆ ಮುಗಿದಿತ್ತು. ಹೊಳೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿ ಸೀರೆಯ ನೆರಿಗೆ ಎತ್ತಿ ಪಾದ ತೋಯಿಸಿಕೊಂಡ ಗಂಗಾಂಬಿಕಾಳನ್ನು ಅತ್ತೆ ದಂಡೆಯಿಂದ ಸುಮ್ಮನೆ ನೋಡುತ್ತಲೇ ಇದ್ದಳು, ಇವಳು ಮಾತಿಲ್ಲದೆ ಮೇಲೆ ಬಂದಿದ್ದಳು.

ಹೀಗಾಗಿ ಒಂದೇ ಒಂದು ದಿನ, ಎಂದುಕೊಂಡಳು. ಒಂದು ದಿನ ಬೆಳಕು ಹರಿಯುವುದರೊಳಗೆ ಹೊರಟು, ಯಾರ ಕಣ್ಣೂ ಇಲ್ಲದೆ ನೀರಿಗಿಳಿದು ಬಂದರೆ ಯಾರ ಗಂಟೇನು ಹೋಗುತ್ತದೆ? ಮುದುಕಿಯ ಒಂದು ದಿನದ ಆಸೆ ಹೋಗುತ್ತದೆ, ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ನೋಡಲಿಲ್ಲ.

ಗಂಡ ಭರತ್, ಬೀಜ-ಗೊಬ್ಬರದ ಅಂಗಡಿಯವನು. ರಾತ್ರಿ ಊಟಕ್ಕೆ ಕೂತಾಗ "ಅವ್ವ ಬರೂದಿಲ್ಲೇನು?" ಎಂದು ಕೇಳಿದ.

"ದಾರಿ ಕಡಿದಂತ್ರಿ. ಅತ್ತ್ಯಾರ ಬ್ಯಾಡ ಅಂದ್ರು."

ಭರತ್ "ಹೂಂ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಇಂಥ ವಿಷಯದಲ್ಲಿ ಮುಂದೆ ಕೇಳದೆ ಇರುವ ವಿದ್ಯೆ ಗಂಡಸರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಮಗಳು ಶಿವರಂಜನಿ ಮಾತ್ರ ತಲೆಯೆತ್ತಿ ತಾಯಿಯನ್ನು ನೋಡಿದಳು. ಚೇತನಾ ಕಳಿಸಿದ ವಿಡಿಯೋ ಅವಳೂ ನೋಡಿದ್ದಳೋ ಏನೋ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಗಂಗಾಂಬಿಕಾ ಆ ವಿಡಿಯೋವನ್ನು ಊಟವಾದ ಮೇಲೆ ಫೋನಿನಿಂದ ಅಳಿಸಿಹಾಕಿದಳು.

ಭಾನುವಾರ ಕೋಳಿ ಕೂಗುವ ಮೊದಲೇ ಎದ್ದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ರೊಟ್ಟಿ ಬಡಿಯುವ ಸದ್ದು. ಪಾರ್ವತವ್ವ ಮಿಂದು, ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು, ಹಣೆಗೆ ವಿಭೂತಿ ಹಚ್ಚಿ ಒಲೆಯ ಮುಂದೆ ಕೂತಿದ್ದಳು.

"ಪೂಜಿ ಆತೇನ್ರಿ ಅತ್ತಿ?"

"ಆತವ್ವಾ. ಬೆಳಕ ಹರಿಯೂದ್ರಾಗ ಹೊಂಡತೀವಿ ಅಂದಿದ್ದೆಲ್ಲಾ. ಪೂಜಿ ಆಗದ ನಾ ಒಲಿ ಮುಟ್ಟಂಗಿಲ್ಲ. ಕಡಿದ ದಾರಿ ಹತ್ತಿ ಇಳಿಯೂರಿಗೆ ಗಟ್ಟಿ ಬುತ್ತಿ ಬೇಕು, ಅದಕ್ಕ ಲಗೂನ ಎದ್ದೆ." ರೊಟ್ಟಿ ಮಗುಚಿದಳು. "ಎಣ್ಣೆಗಾಯಿ ಡಬ್ಬ್ಯಾಗ ಹಾಕೀನಿ. ಶೇಂಗಾ ಹಿಂಡಿ ಐತಿ. ಮೊಸರನ್ನ ಪವನಗ."

ಗಂಗಾಂಬಿಕಾ ನಿಂತಲ್ಲೇ ನಿಂತಳು. ಯಾವ ಪೂಜೆಯ ನೆಪವನ್ನು ಮನಸ್ಸಿನೊಳಗೆ ಇಷ್ಟು ದಿನ ಬಾಗಿಲಿಗಿಟ್ಟ ಒತ್ತುಗಲ್ಲಿನ ಹಾಗೆ ಇಟ್ಟುಕೊಂಡಿದ್ದಳೋ ಅದು ತಾನಾಗಿಯೇ ಸರಿದುಹೋಗಿತ್ತು. ಅತ್ತೆ ತಯಾರಾಗಿ ಕೂತಿದ್ದಾಳೆ, ಇನ್ನೊಂದು ಸೀರೆ ಉಟ್ಟರೆ ಆಯಿತು. ನೀವೂ ಬರ್ರಿ ಎಂದರೆ ಸಾಕು. ಆದರೆ ಬರ್ರಿ ಎನ್ನಬೇಕಾದರೆ ಮೊದಲು ಆ ಕಡಿದಾದ ದಾರಿಯನ್ನು ಸಪಾಟು ಮಾಡಬೇಕು, ಬಳ್ಳಿಗಳನ್ನೆಲ್ಲ ಕಿತ್ತುಹಾಕಬೇಕು. ಹೊರಗೆ ಭರತ್ ಹಾರ್ನ್ ಹೊಡೆದ. ಅವಳು ಬುತ್ತಿಯ ಚೀಲ ಎತ್ತಿಕೊಂಡಳು.

ಬಾಗಿಲವರೆಗೆ ಬಂದ ಪಾರ್ವತವ್ವ, "ಚಂದಗುಳಿ ಗಂಟಿ ಗಣಪ್ಪನ ಮುಂದ ನನ್ನ ಹೆಸರೀಲೆ ಒಂದ ಗಂಟಿ ಬಾರಸವ್ವಾ. ಅಲ್ಲೀತನಕಾರ ನನ್ನ ಹೆಸರ ಹೋಗಿ ಬರಲಿ," ಎಂದು ನಕ್ಕಳು.

ಚಂದಗುಳಿಯಲ್ಲಿ ಭಕ್ತರು ಕಟ್ಟಿದ ಗಂಟೆಗಳು ದೊಡ್ಡವು, ಸಣ್ಣವು, ಸಾಲುಸಾಲಾಗಿ ತೂಗುತ್ತಿದ್ದವು. ಮಗ ಪವನ್ ಕೈಗೆಟುಕಿದ್ದನ್ನೆಲ್ಲ ಬಾರಿಸಿದ. ಗಂಗಾಂಬಿಕಾ ಒಂದು ಗಂಟೆ ಹಿಡಿದು ಅತ್ತೆಯ ಹೆಸರು ನೆನೆದಳು. ಗಣಪತಿಗೆ ಎಲ್ಲ ಗೊತ್ತಿರುತ್ತದೆಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಮುಖ ನೋಡದೆ ಮೆಲ್ಲಗೆ ಬಾರಿಸಿ ಹೊರಗೆ ಬಂದಳು.

ಗಾಡಿ ನಿಲ್ಲಿಸಿದಲ್ಲಿಂದ ಮೆಟ್ಟಿಲು ಶುರು. ಅಗಲವಾದ ಸಿಮೆಂಟಿನ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಪೈಪು, ತಿರುವಿಗೊಂದು ಬೆಂಚು. ಚೇತನಾ ಒಂದು ಅಕ್ಷರವೂ ಹೆಚ್ಚು ಹೇಳಿರಲಿಲ್ಲ. ಗಂಗಾಂಬಿಕಾ ಮಾತ್ರ ಪ್ರತಿ ತಿರುವಿನಲ್ಲೂ, ಇನ್ನಾದರೂ ಕಡಿದಾಗಲಿ ದೇವರೇ, ಒಂದಾದರೂ ಬಂಡೆ ಅಡ್ಡ ಬರಲಿ ಎಂದು ಹರಕೆ ಹೊರುತ್ತ ಇಳಿದಳು. ಜನ ಸುಲಭದ ದಾರಿ ಸಿಗಲೆಂದು ಬೇಡುತ್ತಾರೆ, ಇವಳದ್ದು ಉಲ್ಟಾ. ಒಂದು ಕಡೆ ಪಾಚಿಯ ಮೇಲೆ ಪವನ್ ಜಾರಿ ಕುಂಡೆಯೂರಿ ಕೂತಾಗ ಅವಳಿಗೆ ಕೊಂಚ ಸಮಾಧಾನವಾಯಿತು; ಮರುಕ್ಷಣವೇ ತನ್ನ ಸಮಾಧಾನ ಕಂಡು ತನಗೇ ನಾಚಿಕೆಯಾಯಿತು.

"ಮಮ್ಮಿ, ಕಡಿದ ದಾರಿ ಎಲ್ಲೈತಿ?" ಎಂದು ಶಿವರಂಜನಿ ಕೇಳಿದಳು.

"ಮುಂದ ಇರಬೇಕು."

ಮುಂದೆ ಇದ್ದದ್ದು ನೀರು. ಕಪ್ಪು ಬಂಡೆಯ ಮೇಲಿಂದ ಬೆಳ್ಳಗೆ ಇಳಿದು, ಮೇಲೊಂದು ಗುಂಡಿ ತುಂಬಿ, ಅಲ್ಲಿಂದ ಚೆಲ್ಲಿ ಕೆಳಗಿನ ದೊಡ್ಡ ಗುಂಡಿಗೆ ಬೀಳುತ್ತಿತ್ತು. ಕೆಳಗಿನ ಗುಂಡಿಯ ನೀರು ಎಷ್ಟು ತಿಳಿಯೆಂದರೆ ತಳದ ಹರಳು ಕಾಣುತ್ತಿತ್ತು. ಮಕ್ಕಳು ಅಪ್ಪನ ಜೊತೆ ಮೇಲಿನ ಗುಂಡಿಗೆ ಇಳಿದರು.

ಗಂಗಾಂಬಿಕಾ ಬಂಡೆಯ ಮರೆಗೆ ಹೋಗಿ ಚೀಲ ಬಿಚ್ಚಿದಳು. ತನ್ನ ಹಳೆಯ ಚೂಡಿದಾರವನ್ನು ಹಿಂದಿನ ದಿನವೇ ಯಾರಿಗೂ ಕಾಣದಂತೆ ಬುತ್ತಿಯ ಚೀಲದ ತಳಕ್ಕೆ ತುರುಕಿದ್ದಳು. ಈಗ ಅದು ತಳದಲ್ಲಿರಲಿಲ್ಲ. ಬುತ್ತಿಯ ಗಂಟಿನ ಮೇಲೆ, ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿತ್ತು. ಜೊತೆಗೆ ಒಂದು ಒಣ ಟವಲು, ಬದಲಿಸಿಕೊಳ್ಳಲು ಒಂದು ಒಣ ಸೀರೆ, ಲಂಗ, ಕುಪ್ಪಸ. ಕೂದಲು ಬಿಗಿದು ಕಟ್ಟಲು ಒಂದು ಹತ್ತಿಯ ರಿಬ್ಬನ್ನು, ಅತ್ತೆಯದು.

ಅವಳು ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅತ್ತೆಗೆ ಗೊತ್ತು. ಸೊಸೆ ನೀರಿಗಿಳಿಯುತ್ತಾಳೆಂದು ಗೊತ್ತಿದ್ದೂ ಒಂದು ಮಾತು ಆಡದೆ ಬಟ್ಟೆ ಮಡಿಸಿಟ್ಟಿದ್ದಾಳೆ. ಯಾರ ಕಣ್ಣಿಗೆ ಹೆದರಿ ಸುಳ್ಳು ಕಟ್ಟಿದಳೋ ಆ ಕಣ್ಣು ಬೈಯಲು ನೋಡುತ್ತಿರಲೇ ಇಲ್ಲವೇನೋ. ಸಹಸ್ರಲಿಂಗದಲ್ಲಿ ಕೂಡ. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು, ಕೇಳದೆ ಕೆಟ್ಟೆ ಎಂದು ಅವಳಿಗೆ ಅಳು ಬಂತು.

ಆದರೂ ಇಳಿದಳು. ಅದೇ ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ತಣ್ಣನೆಯ ನೀರು ಎದೆಗೆ ಬಂದದ್ದೇ ತಡ, ಕೈಕಾಲುಗಳು ಯಾರನ್ನೂ ಕೇಳದೆ ಈಜತೊಡಗಿದವು. ಒಂದು ದಡದಿಂದ ಇನ್ನೊಂದಕ್ಕೆ, ಮತ್ತೆ ಇತ್ತ. ಅಂಗಾತ ಮಲಗಿ ತೇಲಿದಳು. ಆಕಾಶ ಕಂಡಿತು, ಅಪ್ಪನ ಕೈ ನೆನಪಾಯಿತು. ಆ ಹೊತ್ತಿನಲ್ಲಿ ಪಾರ್ವತವ್ವ ಎಂಬೊಬ್ಬಳು ಈ ಭೂಮಿಯ ಮೇಲೆ ಇದ್ದಾಳೆಂಬುದೇ ಅವಳಿಗೆ ಮರೆತುಹೋಗಿತ್ತು.

ತಲೆಯೆತ್ತಿದಾಗ ಗುಂಡಿಯ ಅಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಹಣ್ಣುಹಣ್ಣು ಮುದುಕಿ. ಬದಿಯಲ್ಲಿ ಕೋಲು, ಬಿಚ್ಚಿಟ್ಟ ಹವಾಯಿ ಚಪ್ಪಲಿ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಎರಡೂ ಕಾಲು ನೀರಿಗೆ ಬಿಟ್ಟುಕೊಂಡಿದ್ದಳು. ಮೊಮ್ಮಕ್ಕಳು ಆಚೆ ಆಡುತ್ತಿದ್ದರು.

"ಚೊಲೊ ಈಜ್ತೆ ನೀನು," ಎಂದಳು ಅಜ್ಜಿ ತನ್ನ ಹವ್ಯಕ ಮಾತಿನಲ್ಲಿ. "ಆನು ಆಗಾಗ ಬರ್ತೆ. ನೀರಲ್ಲಿ ಕಾಲು ಬಿಟ್ರೆ ಗಂಟುನೋವು ಗೊತ್ತೇ ಆಗ್ತಿಲ್ಲೆ. ಮನೇಲಿ ಹಿರಿಯರು ಯಾರೂ ಇಲ್ಯಾ? ಕರ್ಕಂಡು ಬರ್ಲಕ್ಕಾಗಿತ್ತು."

"ಅತ್ತಿ ಅದಾರ್ರಿ. ಅವ್ರಿಗೆ ಮೊಣಕಾಲ ನೋವು."

"ನಂಗೂ ನೋವೇಯ," ಎಂದು ಅಜ್ಜಿ ಕಾಲು ಆಡಿಸಿದಳು. ಬೈದರೂ ಇಷ್ಟು ನೋಯುತ್ತಿರಲಿಲ್ಲ.

ಊಟದ ಹೊತ್ತಿಗೆ ಬುತ್ತಿ ಬಿಚ್ಚಿದರು. ಎಣ್ಣೆಗಾಯಿ ಎಂದಿಗಿಂತ ರುಚಿಯಾಗಿತ್ತು. ಭರತ್ ಮೆಟ್ಟಿಲ ಕಡೆ ನೋಡಿದ, ಕೋಲಿನ ಅಜ್ಜಿಯ ಕಡೆ ನೋಡಿದ, ಕೊನೆಗೆ ಹೆಂಡತಿಯ ಕಡೆ ನೋಡಿ, "ಅವ್ವನ್ನ ಕರಕೊಂಡ ಬರಬಹುದಿತ್ತು," ಎಂದ. ಬೈಗುಳವಿರಲಿಲ್ಲ. ಗಂಗಾಂಬಿಕಾ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಮುರಿದ ತುಂಡು ಬಾಯಿಗೆ ಹೋಗಲಿಲ್ಲ.

ವಾಪಸು ಬರುವಾಗ ಓಮ್ನಿಯಲ್ಲಿ ಅವಳು ಆ ದಿನದ ಅತಿ ಕೆಟ್ಟ ಕೆಲಸ ಮಾಡಿದಳು. ಹಿಂದಕ್ಕೆ ತಿರುಗಿ ಮಕ್ಕಳಿಗೆ, "ಅಜ್ಜಿ ಮುಂದ ದಾರಿ ಸಲೀಸಿತ್ತು ಅಂತ ಹೇಳಬ್ಯಾಡ್ರಿ. ಪಾಪ, ಬ್ಯಾಸರ ಮಾಡಕೋತಾರ," ಎಂದಳು. ಬ್ಯಾಸರ ಅಜ್ಜಿಗಲ್ಲ, ಮಾನ ಹೋಗುವುದು ತನಗೆ ಎಂದು ಅವಳಿಗೂ ಗೊತ್ತಿತ್ತು, ಶಿವರಂಜನಿಗೂ ಗೊತ್ತಾಯಿತು. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಭರತ್ ಗಾಡಿ ಓಡಿಸುತ್ತಿದ್ದ. ಗಂಟಲು ಸರಿಮಾಡಿಕೊಂಡು ಗೇರ್ ಬದಲಿಸಿದ.

ಮನೆ ಮುಟ್ಟಿದಾಗ ಸಂಜೆಯ ದೀಪ ಹಚ್ಚಿಯಾಗಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಪಡಸಾಲೆಯಲ್ಲಿ ಒಂದು ಮಣೆ, ಅದರ ಪಕ್ಕದಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಬಟ್ಟಲು.

"ಅಜ್ಜಿ, ಎಂಥಾ ದಾರಿ ಅಂತೀ," ಎಂದು ಪವನ್ ಒಳಗೆ ಕಾಲಿಡುತ್ತಲೇ ಶುರುಮಾಡಿದ. "ಬಳ್ಳಿ ಹಿಡಕೊಂಡ ಇಳಿದ್ವಿ. ಮಮ್ಮಿ ಕೈ ಜಾರಿತ್ತು, ನಾನ ಹಿಡದೆ. ಒಂದ ಹಾವೂ ಇತ್ತು." ತಾಯಿ ಒಂದು ಸುಳ್ಳು ಕೇಳಿದ್ದಕ್ಕೆ ಮಗ ಪ್ರೀತಿಯಿಂದ ಹತ್ತು ಸೇರಿಸಿಕೊಟ್ಟ. ಪಾರ್ವತವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿದಳು, ಅಲ್ಲಲ್ಲಿ "ಯಪ್ಪಾ" ಎಂದಳು. ಶಿವರಂಜನಿ ಅಜ್ಜಿಯನ್ನು ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭರತ್ ಗಾಡಿ ಒರೆಸುವ ನೆಪದಲ್ಲಿ ಹೊರಗೇ ಉಳಿದ.

"ಬಾರವ್ವಾ ಇಲ್ಲಿ, ಕುಂದರು," ಎಂದಳು ಪಾರ್ವತವ್ವ. ಸೊಸೆಯನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಮಣೆ ಎಳೆದುಕೊಂಡು ಕೆಳಗೆ ಕೂತಳು. "ಕಾಲ ಕೊಡು. ಅಷ್ಟ ಹತ್ತಿ ಇಳದು ಕಾಲ ಸೆಟದಿರತಾವ. ಈಗ ತಿಕ್ಕಿದ್ರ ನಾಳಿಗೆ ಬಸ್ ಹತ್ತಾಕ ಬರತೈತಿ."

"ಬ್ಯಾಡ್ರಿ ಅತ್ತಿ. ನೀವು ನನ್ನ ಕಾಲ ಮುಟ್ಟೂದಂದ್ರೇನು, ಪಾಪ ಬರತೈತಿ."

"ಹಡದವ್ವ ಮುಟ್ಟಿದ್ರ ಪಾಪ ಬರತಿತ್ತೇನು? ಕೊಡು."

ಪಾರ್ವತವ್ವ ಅವಳ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬಿಸಿ ಎಣ್ಣೆ ಪಾದಕ್ಕೆ ಬಿತ್ತು. ಬೆಳಿಗ್ಗೆ ಲಿಂಗವನ್ನು ಹೊತ್ತಿದ್ದ ಅಂಗೈ ಹಿಮ್ಮಡಿಯಿಂದ ಮೇಲಕ್ಕೆ, ಮೇಲಿನಿಂದ ಹಿಮ್ಮಡಿಗೆ ತಿಕ್ಕತೊಡಗಿತು. ಕೆಳಗೆ ಕೂತು ಮೊಣಕಾಲು ಮಡಿಸಿದ್ದರಿಂದ ಮುದುಕಿಗೆ ನೋಯುತ್ತಿತ್ತು, ನಡುನಡುವೆ ಹಲ್ಲು ಕಚ್ಚುತ್ತಿದ್ದಳು. ಗಂಗಾಂಬಿಕಾಗೆ ಅದನ್ನು ನೋಡುತ್ತ ಕೂರಲು ಆಗಲಿಲ್ಲ.

"ಅತ್ತಿ, ದಾರಿ ಸಲೀಸಿತ್ತು."

ಕೈ ನಿಂತಿತು.

"ಮೆಟ್ಟಲ ಅದಾವ್ರಿ. ಹಿಡಕೊಳ್ಳಾಕ ಪೈಪ ಐತಿ. ನಿಮಗಿಂತ ದೊಡ್ಡೋರೊಬ್ರು ಕೋಲ ಊರಕೊಂಡ ಬಂದಿದ್ರು. ಮೊದಲ ಗೊತ್ತಿತ್ತು ನನಗ. ಪವನ ಹೇಳಿದ್ದೆಲ್ಲಾ ನಾನ ಹೇಳಿಸಿದ್ದು."

ಪಾರ್ವತವ್ವ ಸೊಸೆಯ ಪಾದವನ್ನೇ ನೋಡುತ್ತಿದ್ದಳು. ಒಂದು ಮುಳ್ಳು ಗೀರಿದ ಗುರುತೂ ಇಲ್ಲದ ಪಾದ. "ಅಂದ್ರ, ನಾ ಬರೂದು ಬ್ಯಾಡಾಗಿತ್ತು," ಎಂದಳು.

ಇಲ್ಲ ಎನ್ನಲು ಗಂಗಾಂಬಿಕಾಗೆ ಮನಸ್ಸಾಯಿತು. ಇನ್ನೊಂದು ಸುಳ್ಳು, ಸಣ್ಣದು, ಒಳ್ಳೆಯದು. "ಹೌದ್ರಿ," ಎಂದಳು. ಕಣ್ಣಲ್ಲಿ ನೀರು ತುಂಬಿತು.

ಹೊರಗೆ ಭರತ್ ಬಕೆಟ್ಟು ಎಳೆದ ಸದ್ದು ಕೇಳಿಸಿತು.

"ಬರಬ್ಯಾಡ ಅಂದಿದ್ರ ಇರತಿದ್ನೆವ್ವಾ," ಎಂದಳು ಪಾರ್ವತವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾನೂ ಸೊಸಿ ಆಗಿದ್ದಾಕಿನ. ಒಂದ ದಿವಸ ಅತ್ತಿ ಇರಬಾರದು ಅಂತ ನನಗೂ ಅನಸಿತ್ತು. ಅದನ್ನ ದಾರಿ ಮ್ಯಾಲ ಯಾಕ ಹಾಕಿದಿ? ಮುಂಜಾನಿಂದ ಬಾಜೂ ಮನಿಯಾಕಿ ಮುಂದ, ಹಾಲಿನಾಕಿ ಮುಂದ ಹೇಳಕೊಂಡ ಕುಂತೀನಿ, ನನ್ನ ಸೊಸಿ ಅಂಥಾ ಕಡಿದ ದಾರಿ ಹತ್ತಿ ಹೊಳ್ಯಾಗ ಈಜಿ ಬರತಾಳ ಅಂತ."

ಗಂಗಾಂಬಿಕಾ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಪಾರ್ವತವ್ವ ಬಿಡಲಿಲ್ಲ. ಹಿಮ್ಮಡಿಗೆ ಉಳಿದಿದ್ದ ಎಣ್ಣೆಯನ್ನು ತಿಕ್ಕಿ ಮುಗಿಸಿ, ಸೆರಗಿನಿಂದ ಪಾದ ಒರೆಸಿ, ಕೆಳಗಿಟ್ಟಳು. ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಆ ಕಾಲ ಕೊಡು. ಎಣ್ಣಿ ಆರತೈತಿ."

ದಿನವಿಡೀ ಒಂದಿಷ್ಟೂ ನೋಯದ ಕಾಲು ಅದು. ಎತ್ತಿ ಅತ್ತೆಯ ತೊಡೆಯ ಮೇಲೆ ಇಡುವಷ್ಟರಲ್ಲಿ ಗಂಗಾಂಬಿಕಾಗೆ ಸಾಕುಸಾಕಾಯಿತು.